ಪಾಠದಾಚೆಗೂ ಬೆಳೆಯಲಿ ವನ್ಯಪ್ರೀತಿ

ಕಾಡಂಚಿನ ಮಕ್ಕಳಿಗೆ ವನ್ಯಜೀವಿ ಸಂರಕ್ಷಣೆ ಕಲಿಸುವ ಕಾರ್ಯಕ್ರಮಗಳು ಬೆಳೆಯುತ್ತಿವೆ. ಅರಣ್ಯ ಇಲಾಖೆಯ ‘ಚಿಣ್ಣರ ವನ ದರ್ಶನ’ ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ಯುತ್ತಿದೆ. ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ 2018ರಲ್ಲಿ ಆರಂಭಿಸಿದ ‘ವೈಲ್ಡ್ ಶಾಲೆ’ ಬೇರೆ ರಾಜ್ಯಗಳಿಗೂ ಹಬ್ಬಿದೆ. ಇದು ಸ್ವಾಗತಾರ್ಹ. ಆದರೆ ಚಾಮರಾಜನಗರ ಜಿಲ್ಲೆ ಹಾಗೂ ಸುತ್ತಲಿನ 2025ರ ಅನುಭವ ಕಹಿಯಾದದ್ದು. ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ವಿಷ ಹಾಕಿದ್ದ ಹಸುವಿನ ಕಳೇಬರ ತಿಂದು ತಾಯಿ ಹುಲಿ, ನಾಲ್ಕು ಮರಿಗಳು ಸತ್ತವು. ಸೆಪ್ಟೆಂಬರ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದಲ್ಲಿ ರೊಚ್ಚಿಗೆದ್ದ ರೈತರು ಅರಣ್ಯ ಸಿಬ್ಬಂದಿಯನ್ನೇ ಬೋನಿನಲ್ಲಿ ಕೂಡಿಹಾಕಿದರು. ನವೆಂಬರ್‌ನಲ್ಲಿ ಹುಲಿ ದಾಳಿಗೆ ಜನ ಬಲಿಯಾದ ಬಳಿಕ ಬಂಡೀಪುರ, ನಾಗರಹೊಳೆ ಸಫಾರಿ ನಿಂತಿತು. ಶಾಲೆಯಲ್ಲಿ ಹುಲಿಯ ಮಹತ್ವ ಕಲಿತ ಹುಡುಗಿ ಮನೆಗೆ ಬಂದಾಗ ಕೊಟ್ಟಿಗೆ ಬರಿದಾಗಿದ್ದರೆ, ಪರಿಹಾರದ ಅರ್ಜಿ ಕಚೇರಿಯಲ್ಲೇ ಉಳಿದಿದ್ದರೆ, ಆ ಪಾಠವನ್ನು ಅಪ್ಪನಿಗೆ ಯಾವ ಬಾಯಲ್ಲಿ ಹೇಳಬೇಕು?

ಹಾಗಾಗಿ ಸಂರಕ್ಷಣೆಯಲ್ಲಿ ಯುವಜನರ ಮುಂದಾಳತ್ವವೆಂದರೆ ಶಿಬಿರ, ಪ್ರಮಾಣಪತ್ರಗಳಷ್ಟೇ ಆಗಬಾರದು. ಪಿಯು, ಐಟಿಐ ಓದುವ ಯುವಜನರಿಗೆ ಗ್ರಾಮ ಪರಿಸರ ಅಭಿವೃದ್ಧಿ ಸಮಿತಿಗಳಲ್ಲಿ ಸ್ಥಾನ ಕೊಡಬೇಕು. ಪರಿಹಾರದ ಅರ್ಜಿ ಬರೆದುಕೊಡುವುದು, ಹುಲಿ ಸುಳಿದಾಡಿದ ಸುದ್ದಿಯನ್ನು ಇಲಾಖೆಗೂ ಊರಿಗೂ ತಕ್ಷಣ ತಲುಪಿಸುವುದು, ಬೇಸಿಗೆಯ ಬೆಂಕಿ ಕಾವಲು, ಈ ಹೊಣೆಗಳನ್ನು ಗೌರವಧನ ಸಹಿತ ಅವರಿಗೆ ವಹಿಸಬೇಕು. ಮೊದಲ ಅವಕಾಶ ಕಾಡನ್ನು ಬಲ್ಲ ಸೋಲಿಗ, ಜೇನುಕುರುಬ ಯುವಜನರಿಗೆ ಸಿಗಬೇಕು. ಕೈಗಾರಿಕಾ ಪ್ರದೇಶ ತಲೆಯೆತ್ತಿರುವ, ಚಾಮರಾಜನಗರ ತಾಲ್ಲೂಕಿನ ಬದನಗುಪ್ಪೆಯಂಥ ಊರುಗಳನ್ನೂ ಕೈಬಿಡಬಾರದು. ಚಿರತೆ, ಕಾಡುಹಂದಿಗಳ ಓಡಾಟ ಮೀಸಲು ಪ್ರದೇಶದ ಗಡಿಗೆ ನಿಲ್ಲುವುದಿಲ್ಲ. ಪರಿಹಾರ ಪಾವತಿಗೆ ಇಲಾಖೆ ಕಾಲಮಿತಿ ಪಾಲಿಸದಿದ್ದರೆ ಈ ಯುವಜನರ ಮಾತನ್ನು ಊರು ಕೇಳಲಾರದು.