1,198 ದಿನ ಕೂತು ಗೆದ್ದ ಚನ್ನರಾಯಪಟ್ಟಣ: ಇದರಲ್ಲಿ ನಮಗೇನಿದೆ?

ದೇವನಹಳ್ಳಿ: 'ಯಾರು ಬಂದ್ರೂ ಅಷ್ಟೇ ಬಿಡಿ, ನಮ್ಮ ಮಾತು ಯಾರು ಕೇಳ್ತಾರೆ?' ಬಸ್ ಸ್ಟ್ಯಾಂಡ್ ಹತ್ರ ಯಾವ ಅಂಗಡಿ ಮುಂದೆ ನಿಂತ್ರೂ ಕೇಳೋ ಮಾತು ಇದು. ಸುದ್ದಿ ಮಾಡ್ತಾ ಓಡಾಡೋ ನಾನೂ ಎಷ್ಟೋ ಸಲ ಹಾಗೇ ಅಂದುಕೊಂಡಿದ್ದೇನೆ. ಆದರೆ 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಭೂಸ್ವಾಧೀನ ಕೈಬಿಟ್ಟಿದ್ದೇವೆ ಎಂದು ಘೋಷಿಸಿದ ಮೇಲೆ ಈ ಮಾತನ್ನ ಸ್ವಲ್ಪ ತಿದ್ದಿಕೊಳ್ಳಬೇಕು.

ಸರ್ಕಾರ ಬದಲಾಯ್ತು, ಫೈಲ್ ಬದಲಾಗಲಿಲ್ಲ

13 ಹಳ್ಳಿಗಳ ಜಮೀನನ್ನ ರಕ್ಷಣಾ ಮತ್ತು ಏರೋಸ್ಪೇಸ್ ಪಾರ್ಕ್‌ಗೆ ತಗೊಳ್ಳೋಕೆ ಕೆಐಎಡಿಬಿ ಹೊರಟಿದ್ದು ಬಿಜೆಪಿ ಸರ್ಕಾರ ಇದ್ದಾಗ. 2022ರ ಏಪ್ರಿಲ್ 4ರಂದು ರೈತರು ಧರಣಿ ಕೂತರು. ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರೇ ಧರಣಿ ಸ್ಥಳಕ್ಕೆ ಬಂದು ಬೆಂಬಲ ಕೊಟ್ಟು ಹೋಗಿದ್ದರು. 2023ರಲ್ಲಿ ಅವರೇ ಮುಖ್ಯಮಂತ್ರಿ ಆದರು. ಆದರೂ ಫೈಲ್ ಮುಂದಕ್ಕೆ ಹೋಗ್ತಾನೇ ಇತ್ತು.

ಕಾನೂನೂ ರೈತರ ಕಡೆ ಇರಲಿಲ್ಲ. 2013ರ ಕೇಂದ್ರ ಕಾಯ್ದೆ ಪ್ರಕಾರ ಖಾಸಗಿ ಕಂಪನಿಗೆ ಭೂಮಿ ತಗೊಳ್ಳೋದಾದ್ರೆ ಶೇ. 80ರಷ್ಟು ಜನರ ಒಪ್ಪಿಗೆ ಬೇಕು. ಕೆಐಎಡಿಬಿ ನಡೆಯೋದು 1966ರ ರಾಜ್ಯ ಕಾಯ್ದೆ ಮೇಲೆ. ಅದರಲ್ಲಿ ಈ ಷರತ್ತೇ ಇಲ್ಲ. ಅಂದ್ರೆ ಇವರು 'ಒಲ್ಲೆ' ಅಂದ್ರೂ ಲೆಕ್ಕಕ್ಕಿಲ್ಲ. ಎಲೆಕ್ಷನ್‌ನಿಂದಲೂ ಆಗಲಿಲ್ಲ, ಕಾನೂನಿನಿಂದಲೂ ಆಗೋ ಹಾಗಿರಲಿಲ್ಲ. ಹಾಗಾದ್ರೆ ಕೆಲಸ ಮಾಡಿದ್ದು ಯಾವುದು?

495 ಎಕರೆ ಲೆಕ್ಕ

ನನ್ನ ಪ್ರಕಾರ ನಿಜವಾದ ಪರೀಕ್ಷೆ ನಡೆದಿದ್ದು 2025ರ ಜೂನ್‌ನಲ್ಲಿ. ಮೂರು ಹಳ್ಳಿಗಳ 495 ಎಕರೆ ಬಿಟ್ಟುಬಿಡ್ತೀವಿ, ಉಳಿದದ್ದು ತಗೊಳ್ತೀವಿ ಅಂತ ಸರ್ಕಾರ ಹೇಳಿತು. ಹೋರಾಟ ಒಡೆಯೋದು ಸಾಮಾನ್ಯವಾಗಿ ಇಂಥ ಕಡೆಯೇ. ತನ್ನ ಸರ್ವೆ ನಂಬರ್ ಉಳೀತು ಅಂದ ಮೇಲೆ ಪಕ್ಕದ ಊರಿನೋರಿಗೋಸ್ಕರ ಯಾರು ಕೂರ್ತಾರೆ? ಆದರೆ ಹೋರಾಟ ಸಮಿತಿ ಒಪ್ಪಲಿಲ್ಲ. ಪೂರ್ತಿ 1,777 ಎಕರೆ ಬಿಡಬೇಕು ಅಂತಲೇ ಕೂತರು.

ಜೂನ್ 25ರಂದು 'ದೇವನಹಳ್ಳಿ ಚಲೋ' ನಡೀತು. ಸಂಜೆ ಪೊಲೀಸರು ಪ್ರತಿಭಟನಾಕಾರರನ್ನ ವಶಕ್ಕೆ ತಗೊಂಡ್ರು. ಅಲ್ಲಿಗೆ ಮುಗೀಬೇಕಿದ್ದ ವಿಷಯ ಬೆಂಗಳೂರಿನ ಫ್ರೀಡಂ ಪಾರ್ಕ್‌ಗೆ ಹೋಯ್ತು. ರೈತ, ದಲಿತ, ಕಾರ್ಮಿಕ ಸಂಘಟನೆಗಳು ಸೇರಿರೋ ಸಂಯುಕ್ತ ಹೋರಾಟ ಜೊತೆಗೆ ನಿಂತಿತು. ಸಾಹಿತಿಗಳು ಬಂದರು, ನಟ ಪ್ರಕಾಶ್ ರಾಜ್ ಬಂದರು. ಜುಲೈ 4ರ ಸಭೆಯಲ್ಲಿ ಸಿಎಂ ಹತ್ತು ದಿನ ಟೈಮ್ ಕೇಳಿದರು. 1,198ನೇ ದಿನಕ್ಕೆ ತೀರ್ಮಾನ ಬಂತು.

ಟಿವಿಯವರು ಬಂದಿದ್ದು ಕೊನೇ ಮೂರು ವಾರ. ಅದಕ್ಕೆ ಮುಂಚೆ ಮೂರು ವರ್ಷ, ಯಾರೂ ನೋಡದೇ ಇದ್ದಾಗಲೂ ಟೆಂಟ್ ಬಿಚ್ಚಲಿಲ್ಲ. ದೊಡ್ಡವರು ಬಂದು ನಿಲ್ಲೋಕೆ ಒಂದು ಜಾಗ ಇತ್ತು ಅಂದ್ರೆ, ಅದನ್ನ ಊರಿನವರು ಉಳಿಸಿಟ್ಟಿದ್ದರು.

ಎಲ್ಲರೂ ಖುಷಿಯಾಗಿಲ್ಲ

ಇದನ್ನೂ ಹೇಳಲೇಬೇಕು. ಒಳ್ಳೆ ರೇಟು ಕೊಟ್ರೆ ಜಮೀನು ಕೊಡ್ತೀವಿ ಅಂತ ಕೆಲವು ರೈತರು ಸಿಎಂ ಭೇಟಿ ಮಾಡಿದ್ದರು. ಸ್ವಇಚ್ಛೆಯಿಂದ ಕೊಡೋರ ಜಮೀನು ಹೆಚ್ಚಿನ ಬೆಲೆಗೆ ತಗೊಳ್ತೀವಿ ಅಂತ ಸರ್ಕಾರವೂ ಹೇಳಿದೆ. ಇತ್ತ ಘೋಷಣೆ ಆಗ್ತಿದ್ದ ಹಾಗೇ ಆಂಧ್ರದ ಸಚಿವ ನಾರಾ ಲೋಕೇಶ್ 'ನಮ್ಮಲ್ಲಿಗೆ ಬನ್ನಿ' ಅಂತ ಕಂಪನಿಗಳನ್ನ ಕರೆದರು. ಕಂಪನಿ ಬಂದಿದ್ರೆ ವ್ಯಾಪಾರ ಆಗ್ತಿತ್ತಲ್ಲ ಅನ್ನೋ ಅಂಗಡಿಯವರ ಲೆಕ್ಕ ತಪ್ಪು ಅಂತ ನಾನು ಹೇಳಲ್ಲ.

ಆದರೆ ಇನ್ನೊಂದು ಲೆಕ್ಕವೂ ಇದೆ. ರಾಗಿ, ದ್ರಾಕ್ಷಿ, ಹೂವು, ರೇಷ್ಮೆ, ಹಾಲು: ಈ ದುಡ್ಡು ತಿರುಗೋದು ನಮ್ಮ ಪೇಟೆಯಲ್ಲೇ. ಗೊಬ್ಬರದ ಅಂಗಡಿ ಉದ್ರಿ ಪುಸ್ತಕ ತೀರೋದು ಬೆಳೆ ಬಂದಾಗ. ಪರಿಹಾರದ ದುಡ್ಡು ಒಂದೇ ಸಲ ಬರುತ್ತೆ, ಬೆಳೆ ಪ್ರತಿ ವರ್ಷ ಬರುತ್ತೆ. ಕೊಡೋದೋ ಬಿಡೋದೋ, ಆ ತೀರ್ಮಾನ ಈಗ ಜಮೀನಿನವರ ಕೈಗೆ ಬಂದಿದೆ. ಗೆದ್ದಿದ್ದು ಅದು.

ನಾವು ಮಾಡಬಹುದಾದ್ದು

ರಾಜ್ಯದಲ್ಲಿ ತಾಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿಗೆ ಎಲೆಕ್ಷನ್ ಆಗಿದ್ದು 2016ರಲ್ಲಿ. 2021ಕ್ಕೆ ಅವಧಿ ಮುಗೀತು. ಅಲ್ಲಿಂದ ಅಧಿಕಾರಿಗಳದ್ದೇ ಆಡಳಿತ. ರಸ್ತೆ, ಚರಂಡಿ ಅಂತ ಕೇಳೋಕೆ ನಾವೇ ಆರಿಸಿದ ಸದಸ್ಯರು ಅಲ್ಲಿಲ್ಲ. ಯಾರೋ ಕೇಳ್ತಾರೆ ಅಂತ ಕಾಯೋ ಕಾಲ ಇದಲ್ಲ.

ಎಲ್ಲರೂ 1,198 ದಿನ ಕೂರಬೇಕಾಗಿಲ್ಲ. ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ನಡೀಬೇಕು ಅಂತ ಕಾನೂನೇ ಹೇಳುತ್ತೆ. ಹೋಗಿ, ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. 10 ರೂಪಾಯಿ ಕಟ್ಟಿ ಆರ್‌ಟಿಐ ಅರ್ಜಿ ಹಾಕಿದ್ರೆ 30 ದಿನದೊಳಗೆ ಉತ್ತರ ಕೊಡಬೇಕು. ಒಬ್ಬರೇ ಹೋದ್ರೆ 'ನಾಳೆ ಬನ್ನಿ' ಅಂತಾರೆ. ಹತ್ತು ಅಂಗಡಿಯವರು ಒಟ್ಟಿಗೆ ಹೋದ್ರೆ ಕುರ್ಚಿ ಹಾಕ್ತಾರೆ. ಮುಂದಿನ ವಾರವೂ ಅದೇ ಹತ್ತು ಜನ ಹೋದ್ರೆ ಫೈಲ್ ತೆಗೀತಾರೆ.

ಸ್ವಾಧೀನ ಕೈಬಿಟ್ಟಿದ್ದು 2025ರ ಜುಲೈನಲ್ಲಿ ಬಾಯಿ ಮಾತಿನ ಘೋಷಣೆಯಾಗಿತ್ತು. ಅಂಥ ಮಾತು ಅಧಿಸೂಚನೆಯಾಗಿ ಕೈಗೆ ಬರೋವರೆಗೂ ಬೆನ್ನು ಬೀಳಬೇಕು. ಚನ್ನರಾಯಪಟ್ಟಣದವರಿಗೆ ಅದನ್ನ ನಾವು ಹೇಳಿಕೊಡಬೇಕಾಗಿಲ್ಲ. ನಮ್ಮ ನಮ್ಮ ಬೀದಿಗೆ ನಾವು ಹೇಳಿಕೊಂಡ್ರೆ ಸಾಕು.