ಲಿನಕ್ಸ್ ನಮಗಲ್ಲ ಎನ್ನುವವರಿಗೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೆಯ ತಲೆಮಾರಿನದೋ ಅದಕ್ಕೂ ಹೊಸದೋ ಆದ ಪ್ರೊಸೆಸರ್ ಬೇಕು. ಡೊಂಬಿವಲಿ, ಕಲ್ಯಾಣದ ಮನೆಗಳಲ್ಲಿ, ಥಾಣೆಯ ಸಣ್ಣ ಕಚೇರಿಗಳಲ್ಲಿ, ನವಿ ಮುಂಬಯಿಯ ಕನ್ನಡ ಸಂಘಗಳ ಕೋಣೆಗಳಲ್ಲಿ ಇರುವ ಹಳೆಯ ಯಂತ್ರಗಳಿಗೆ ಈ ಯೋಗ್ಯತೆ ಇಲ್ಲ. ಕೆಟ್ಟುಹೋಗಿವೆಯೇ? ಇಲ್ಲ, ಚೆನ್ನಾಗಿಯೇ ಓಡುತ್ತಿವೆ. ಇವಕ್ಕೆ ವಿಂಡೋಸಿನ ಬದಲು ಲಿನಕ್ಸ್ ಎಂಬ ಸ್ವತಂತ್ರ ಕಾರ್ಯಾಚರಣ ವ್ಯವಸ್ಥೆ ಹಾಕೋಣ, ಹೊಸಬರಿಗೆ ನಾವೇ ಕಲಿಸೋಣ ಎಂದೊಡನೆ ನಮ್ಮವರಿಂದಲೇ ಆಕ್ಷೇಪಗಳು ಶುರುವಾಗುತ್ತವೆ.

“ಅದು ಪ್ರೋಗ್ರಾಮರುಗಳ ವಸ್ತು, ಸಾಮಾನ್ಯರಿಗೆ ತಲೆಗೆ ಹತ್ತುವುದಿಲ್ಲ” ಎನ್ನುತ್ತಾರೆ. ಇಲ್ಲಿನ ಕನ್ನಡಿಗರಲ್ಲಿ ಎಷ್ಟೋ ಜನರ ಊರು ಕಾಸರಗೋಡು, ಮಂಜೇಶ್ವರದ ಕಡೆ. ಮುಂದಿನ ಸಲ ಊರಿಗೆ ಹೋದಾಗ ಅಲ್ಲಿನ ಸರಕಾರಿ ಶಾಲೆಯ ಕಂಪ್ಯೂಟರ್ ಕೋಣೆಗೆ ಹೋಗಿ ನೋಡಿ. ಕೇರಳದಲ್ಲಿ 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ, ಈಗಿನ ಕೈಟ್, ಶಾಲೆಗಳಿಗೆಲ್ಲ ಉಬುಂಟು ಎಂಬ ಲಿನಕ್ಸನ್ನು ಆಧರಿಸಿದ ಸ್ವತಂತ್ರ ವ್ಯವಸ್ಥೆಯನ್ನೇ ಕೊಟ್ಟಿದೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಕನ್ನಡದಲ್ಲೇ ಅಚ್ಚಾದ ಪಠ್ಯಪುಸ್ತಕ ಹಿಡಿದು ಅದರ ಮೇಲೆ ಕಲಿಯುತ್ತಾರೆ. ಕುಂಬಳೆಯ ಎಂಟನೇ ತರಗತಿಯ ಹುಡುಗಿಗೆ ಬರುವ ವಿದ್ಯೆ ಡೊಂಬಿವಲಿಯ ನಿವೃತ್ತ ಬ್ಯಾಂಕ್ ನೌಕರರಿಗೆ ಬಾರದು ಎಂದು ನಾನು ಒಪ್ಪುವುದಿಲ್ಲ.

“ಟ್ಯಾಲಿ ಓಡುವುದಿಲ್ಲ.” ಇದು ನಿಜ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು ಆ ಒಂದು ಯಂತ್ರದಲ್ಲಿ ವಿಂಡೋಸನ್ನೇ ಇಟ್ಟುಕೊಳ್ಳಲಿ. ಆದರೆ ಲೆಕ್ಕಿಗರ ಒಂದು ಮೇಜಿಗಾಗಿ ಮನೆಮನೆಯೂ ವಿಂಡೋಸಿನಲ್ಲೇ ಇರಬೇಕೆಂಬುದು ಯಾವ ನ್ಯಾಯ?

“ನುಡಿ, ಬರಹ ಇಲ್ಲದೆ ಕನ್ನಡ ಟೈಪು ಮಾಡುವುದು ಹೇಗೆ?” ಸಂಘದ ಸ್ಮರಣ ಸಂಚಿಕೆಗೆ ವರ್ಷವರ್ಷ ದುಡಿಯುವವರ ಆತಂಕ ಇದು, ಹಗುರವಾಗಿ ತಳ್ಳಿಹಾಕಲಾಗದು. ನುಡಿಯಲ್ಲಿ ಬೆರಳಿಗೆ ರೂಢಿಯಾಗಿರುವುದು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ಲಿನಕ್ಸಿನಲ್ಲಿ ಐಬಸ್ ಎಂಬ ಟೈಪಿಂಗ್ ಸಾಧನದ ಜೊತೆಗೆ ಎಂ17ಎನ್ ಎಂಬ ಕೀಲಿಮಣೆ ಸಂಗ್ರಹ ಸೇರಿಸಿಕೊಂಡರೆ ಕನ್ನಡದ ಪಟ್ಟಿಯಲ್ಲಿ ಅದು ಕೆಜಿಪಿ ಎಂಬ ಹೆಸರಿನಲ್ಲಿ ಸಿಗುತ್ತದೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವವರಿಗೆ ಐಟ್ರಾನ್ಸ್, ಸರಕಾರಿ ಕಚೇರಿಯಲ್ಲಿ ಕಲಿತವರಿಗೆ ಇನ್‌ಸ್ಕ್ರಿಪ್ಟ್ ಇವೆ. ಅರವಿಂದ ವಿ.ಕೆ. ಅವರ ಗುಬ್ಬಿ, ನವಿಲು ಫಾಂಟುಗಳು ಡೆಬಿಯನ್, ಉಬುಂಟುವಿನ ಭಂಡಾರದಲ್ಲೇ ಇವೆ. ತೊಡಕಿರುವುದು ಹಳೆಯ ಆಸ್ಕಿ ನುಡಿಯ ಕಡತಗಳಲ್ಲಿ, ಅವನ್ನು ಒಮ್ಮೆ ಯುನಿಕೋಡಿಗೆ ಬದಲಿಸಲೇಬೇಕು. ಆ ಕಡತಗಳ ಕನ್ನಡ ನಿಮ್ಮ ಮೊಬೈಲಿನಲ್ಲೂ ಸರಿಯಾಗಿ ಕಾಣುವುದಿಲ್ಲವಲ್ಲ! ಈ ತಪ್ಪನ್ನು ಲಿನಕ್ಸಿನ ಲೆಕ್ಕಕ್ಕೆ ಬರೆಯಬಾರದು.

ಹೆತ್ತವರದು ಬೇರೆ ಚಿಂತೆ: “ಮಗ ಎಂಎಸ್-ಸಿಐಟಿ ಪಾಸು ಮಾಡಬೇಕು, ಕೆಲಸಕ್ಕೆ ಎಂಎಸ್ ಆಫೀಸೇ ಬೇಕು.” ಮಹಾರಾಷ್ಟ್ರದ ಸರಕಾರಿ ನೌಕರಿಗೆ ಆ ಪ್ರಮಾಣಪತ್ರ ಕೇಳುತ್ತಾರೆ, ಮಾಡಲಿ. ತರಗತಿಗೆ ಹೋಗಿ ಅದನ್ನು ಕಲಿತ ಮಗು ಮನೆಗೆ ಬಂದು ಇನ್ನೊಂದು ವ್ಯವಸ್ಥೆಯನ್ನೂ ಕಲಿತರೆ ನಷ್ಟವೇನು? ಐರೋಲಿ, ಮಹಾಪೆಯ ಐಟಿ ಕಂಪನಿಗಳಿಗೆ ಕೆಲಸಕ್ಕೆ ಸೇರಿದಾಗ ಅವನ ಎದುರಿಗೆ ಬರುವ ಸರ್ವರುಗಳಲ್ಲಿ ಹೆಚ್ಚಿನವು ಲಿನಕ್ಸಿನವು. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಬೇರೆ ವ್ಯವಸ್ಥೆಯೇ ಇಲ್ಲ.

“ರಿಪೇರಿಯವನು ಅಗ್ಗಕ್ಕೆ ವಿಂಡೋಸ್ ಹಾಕಿಕೊಡುತ್ತಾನೆ, ಈ ತಾಪತ್ರಯ ಯಾಕೆ?” ಅದು ಕದ್ದ ಪ್ರತಿ. ಅದನ್ನು ಚಾಲೂ ಮಾಡಲು ಅವನು ಹಾಕುವ ‘ಆಕ್ಟಿವೇಟರ್’ ಒಳಗೆ ಏನೇನು ಕೂತಿರುತ್ತದೋ ಅವನಿಗೂ ಗೊತ್ತಿರುವುದಿಲ್ಲ. ಗೊತ್ತಿದ್ದೂ ಕದ್ದ ತಂತ್ರಾಂಶ ಬಳಸುವವರಿಗೆ 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನಲ್ಲಿ ಏಳು ದಿನದಿಂದ ಮೂರು ವರ್ಷದವರೆಗೆ ಸಜೆಯಿದೆ. ನೋಂದಾಯಿತ ಸಂಘವೊಂದು ಇಂಥದಕ್ಕೆ ಕೈಹಾಕಲೇಬಾರದು.

ಉಳಿದದ್ದು ಎಲ್ಲಕ್ಕಿಂತ ನ್ಯಾಯವಾದ ದೂರು: “ನೀವು ಒಂದು ದಿನ ಬಂದು ಹಾಕಿಕೊಟ್ಟು ಹೋಗುತ್ತೀರಿ. ಆಮೇಲೆ ವೈ-ಫೈ ಸಿಗದಿದ್ದರೆ, ಪ್ರಿಂಟರ್ ಸುಮ್ಮನೆ ಕೂತರೆ ಯಾರನ್ನು ಕೇಳುವುದು?” ಹೊಸಬರು ಲಿನಕ್ಸ್ ಬಿಟ್ಟು ಓಡುವುದು ಇಂಥ ಗಳಿಗೆಯಲ್ಲೇ. ಓಡುವವರ ತಪ್ಪೂ ಅಲ್ಲ, ವ್ಯವಸ್ಥೆಯ ತಪ್ಪೂ ಅಲ್ಲ. ಪಕ್ಕದಲ್ಲಿ ಕೂತು ಹೇಳುವವರು ಇರಲಿಲ್ಲ, ಅಷ್ಟೇ.

ಹಾಗೆಂದು ಈ ತೊಂದರೆಗಳು ಲೆಕ್ಕವಿಲ್ಲದಷ್ಟೇನಲ್ಲ, ಮತ್ತೆ ಮತ್ತೆ ಬರುವವು ಬೆರಳೆಣಿಕೆಯವು. ವೈ-ಫೈ ಕಾಣದಿದ್ದರೆ ಮೊಬೈಲನ್ನು ಕೇಬಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿ, ಅದೇ ಇಂಟರ್ನೆಟ್ಟಿನಿಂದ ಡ್ರೈವರ್ ಇಳಿಸಿಕೊಳ್ಳಿ. ಎಚ್‌ಪಿ ಲೇಸರ್‌ಜೆಟ್ 1020 ಮುದ್ರಿಸದಿದ್ದರೆ ಎಚ್‌ಪಿಲಿಪ್ ಎಂಬ ಡ್ರೈವರಿನ ಪ್ಲಗಿನ್ ಹಾಕಿಲ್ಲವೆಂದು ತಿಳಿಯಿರಿ. ಕ್ಯಾನನ್ ಎಲ್‌ಬಿಪಿ 2900 ಇದ್ದವರಿಗೆ ಮಾತ್ರ ಇದು ಕಷ್ಟದ ಪ್ರಿಂಟರ್ ಎಂದು ಮೊದಲೇ ಹೇಳಿಬಿಡಬೇಕು. ಎರಡೂ ವ್ಯವಸ್ಥೆ ಇಟ್ಟುಕೊಂಡವರ ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದೆ ಬಿದ್ದರೆ ಗಾಬರಿ ಬೇಡ: ಲಿನಕ್ಸ್ ಯಂತ್ರದ ಗಡಿಯಾರವನ್ನು ಯುಟಿಸಿ ಎಂಬ ವಿಶ್ವ ಸಮಯದಲ್ಲಿ ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ, ಒಂದು ಆದೇಶದಲ್ಲಿ ಸರಿಹೋಗುತ್ತದೆ. ಡಿಸ್ಕಿಗೆ ಕೈಹಾಕುವ ಮುನ್ನ ಅದಕ್ಕೆ ಬೀಗ ಹಾಕುವ ಬಿಟ್‌ಲಾಕರ್ ಕೀಲಿಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ.

ಹೀಗೆ ಪಕ್ಕದಲ್ಲಿ ಕೂತು ಹೇಳಿಕೊಡಲು ಬರುವ ಹುಡುಗರಿಗೂ ಒಂದು ಮಾತು. ಕೀಬೋರ್ಡ್ ಕಸಿದುಕೊಳ್ಳಬೇಡಿ. “ಮಾಮಾ, ಪರದೆಯ ಮೇಲೆ ಏನು ಬರೆದಿದೆ, ಓದಿ ಹೇಳಿ” ಎನ್ನಿ. ದೋಷದ ಸಾಲನ್ನು ತಾವೇ ಓದಿ, ತಾವೇ ಬೆರಳೊತ್ತಿ ಸರಿಪಡಿಸಿದವರು ಮುಂದಿನ ಸಲ ಇನ್ನೊಬ್ಬರಿಗೆ ಹೇಳಿಕೊಡುತ್ತಾರೆ. ನೀವೇ ಟಕಟಕ ಒತ್ತಿ ಎದ್ದುಹೋದರೆ ಅವರಿಗೆ ಉಳಿಯುವುದು ನಿಮ್ಮ ಫೋನ್ ನಂಬರ್ ಮಾತ್ರ.

ಹೀಗೆ ಕಲಿಸುವುದಕ್ಕೆ ಬೇಕಾದದ್ದೆಲ್ಲ ನಮ್ಮ ಸುತ್ತಲೇ ಇದೆ. ಪೊವಾಯಿಯ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಲಿನಕ್ಸ್, ಲಿಬ್ರೆ ಆಫೀಸ್ ಪಾಠಗಳನ್ನು ಕನ್ನಡದ ಧ್ವನಿಯಲ್ಲೂ ಉಚಿತವಾಗಿ ಕೊಟ್ಟಿದೆ. ವಾಶಿ ಸೇತುವೆ ದಾಟಿದರೆ ಮಾನ್‌ಖುರ್ದ್, ಅಲ್ಲಿನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದಲ್ಲಿ ನಾಗಾರ್ಜುನ ಅವರಂಥವರು ಸ್ವತಂತ್ರ ತಂತ್ರಾಂಶಕ್ಕಾಗಿ ವರ್ಷಗಟ್ಟಲೆ ದುಡಿದಿದ್ದಾರೆ. ಎಂಜಿನಿಯರಿಂಗ್ ಓದುವ ನಮ್ಮ ಮಕ್ಕಳು ಪ್ರತಿ ಸಂಘದಲ್ಲೂ ಇದ್ದಾರೆ.

ಆದ್ದರಿಂದ ಥಾಣೆಯಿಂದ ನೆರೂಲ್‌ವರೆಗಿನ ಸಂಘಗಳ ಪದಾಧಿಕಾರಿಗಳಲ್ಲಿ ನನ್ನ ಬಿನ್ನಹ: ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಒಂದು ಕೋಣೆಯನ್ನು ಲಿನಕ್ಸ್ ಕಲಿಕೆಗೆ ಬಿಟ್ಟುಕೊಡಿ. ಯಾವ ತೊಂದರೆ ಬಂತು, ಹೇಗೆ ಸರಿಹೋಯಿತು ಎಂದು ಕನ್ನಡದಲ್ಲಿ ಬರೆದಿಡಲು ಒಂದು ಪುಸ್ತಕ ಇಡಿ. ಓದುಗರೇ, ಹಳೆಯ ಲ್ಯಾಪ್‌ಟಾಪನ್ನು ಭಂಗಾರ್‌ನವನಿಗೆ ಹಾಕುವ ಮುನ್ನ ಅಲ್ಲಿಗೆ ತನ್ನಿ. ಹಾರ್ಡ್ ಡಿಸ್ಕನ್ನು ಮುಟ್ಟದೆ ಪೆನ್ ಡ್ರೈವಿನಿಂದಲೇ ಲಿನಕ್ಸ್ ಓಡಿಸಿ ನೋಡಬಹುದು. ಒಗ್ಗಿದರೆ ಉಳಿಸಿಕೊಳ್ಳಿ, ಒಗ್ಗದಿದ್ದರೆ ಪೆನ್ ಡ್ರೈವ್ ತೆಗೆದು ಮನೆಗೆ ಒಯ್ಯಿರಿ.