ಸರ್ಟಿಫಿಕೇಟ್ ಆಮೇಲೆ ಬರಲಿ, ಪಾಠ ಮೊದಲು ಬದಲಾಗಲಿ

ಆರನೇ ತರಗತಿಗೆ ಬಂದ ಮಕ್ಕಳ ಕೈಗೆ ಮೂರನೆಯ ಲಿಪಿ ಕೊಡುವವಳು ನಾನು. ಬಯಲುಸೀಮೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಹಿಂದಿ ಟೀಚರ್. ಕೆಲವರಿಗೆ ಕನ್ನಡದ ಒತ್ತಕ್ಷರ ಇನ್ನೂ ಕೈಹತ್ತಿರುವುದಿಲ್ಲ, ಇಂಗ್ಲಿಷಿನ ಸಣ್ಣ ಬಿ ಎತ್ತ ಕಡೆ ಹೊಟ್ಟೆ ಚಾಚುತ್ತದೆ, ಡಿ ಎತ್ತ ಕಡೆ ಎಂಬ ಗೊಂದಲ ತೀರಿರುವುದಿಲ್ಲ. ಅಷ್ಟರಲ್ಲಿ ನಾನು ದೇವನಾಗರಿ ಹಿಡಿದುಕೊಂಡು ಬರುತ್ತೇನೆ. ಕನ್ನಡದ ‘ಕಿ’ಯಲ್ಲಿ ಅಕ್ಷರದ ತಲೆಯ ಮೇಲೆ ಕೂರುವ ಗುಡಿಸು ಹಿಂದಿಯಲ್ಲಿ ಅಕ್ಷರಕ್ಕಿಂತ ಮೊದಲೇ ಬಂದು ನಿಲ್ಲುತ್ತದೆ. ಕನ್ನಡದಲ್ಲಿ ಎರಡನೆಯ ವ್ಯಂಜನ ಒತ್ತಾಗಿ ಕೆಳಗಿಳಿದರೆ, ಅಲ್ಲಿ ಸಾಮಾನ್ಯವಾಗಿ ಮೊದಲನೆಯದೇ ಅರ್ಧಾಕ್ಷರವಾಗಿ ಪಕ್ಕದಲ್ಲಿ ನಿಲ್ಲುತ್ತದೆ. ದಸರಾ ರಜೆಯ ಹೊತ್ತಿಗೆ ಹೆಚ್ಚಿನವರು ಇದನ್ನೆಲ್ಲ ದಾಟುತ್ತಾರೆ. ದಾಟದೆ ಉಳಿದವರ ಹೆಸರು ‘ನಿಧಾನಗತಿಯ ಕಲಿಕೆಯವರು’ ಎಂಬ ಪಟ್ಟಿಗೆ ಹೋಗುತ್ತದೆ. ಆ ಪಟ್ಟಿ ಫೈಲಿಗೆ ಹೋಗುತ್ತದೆ.

ಆ ಪಟ್ಟಿಯಲ್ಲಿ ಒಬ್ಬ ಹುಡುಗನಿದ್ದಾನೆ. ಅಪ್ಪನದು ಕುರಿ ವ್ಯಾಪಾರ. ಸಂತೆಯಲ್ಲಿ ದಲ್ಲಾಳಿ, ಗಾಡಿ ಬಾಡಿಗೆ ಎಲ್ಲ ಕಳೆದು ಕುರಿಗೆಷ್ಟು ಗಿಟ್ಟಿತು ಎಂಬುದನ್ನು ಇವನು ಬಾಯಲ್ಲೇ ಹೇಳುತ್ತಾನೆ. ವಿಜ್ಞಾನದ ಮೇಷ್ಟ್ರು ಬಾಯಿಪ್ರಶ್ನೆ ಕೇಳಿದರೆ ಮೊದಲು ಏಳುವ ಕೈ ಇವನದೇ. ಪುಸ್ತಕ ಓದು ಎಂದರೆ ಮಾತ್ರ ಸಾಲು ತಪ್ಪುತ್ತದೆ. ಪದದ ಮೊದಲಕ್ಷರ ನೋಡಿ ಉಳಿದದ್ದನ್ನು ಊಹಿಸಿಬಿಡುತ್ತಾನೆ. ಬೋರ್ಡಿನ ಮೇಲಿನದನ್ನು ಅರ್ಧ ಇಳಿಸಿಕೊಳ್ಳುವಷ್ಟರಲ್ಲಿ ಬೆಲ್ ಹೊಡೆದಿರುತ್ತದೆ.

ಇವನ ತೊಡಕು ಐದನೇ ತರಗತಿವರೆಗೆ ಯಾರಿಗೂ ಕಾಣಲಿಲ್ಲ ಎಂದರೆ ಕೆಳಗಿನ ತರಗತಿಯ ಟೀಚರನ್ನು ದೂರುವುದು ಸುಲಭ. ಅದು ನ್ಯಾಯವಲ್ಲ. ಮೂರನೇ ತರಗತಿವರೆಗೆ ನಲಿ-ಕಲಿಯ ಕಾರ್ಡು, ಹಾಡು, ಗುಂಪು ಇರುತ್ತವೆ; ಚೂಟಿಯಾದ ಮಗು ಕೇಳಿಸಿಕೊಂಡೇ ಸಾಗಿಸಿಬಿಡುತ್ತದೆ. ಜೊತೆಗೆ ನಮ್ಮ ಲಿಪಿಯ ಸ್ವಭಾವವೇ ಬೇರೆ. ಕನ್ನಡದ ಮಕ್ಕಳು ಅಕ್ಷರ ಕಲಿಯುವ ಬಗೆಯನ್ನು ಬೆಂಗಳೂರಿನಲ್ಲಿ ಅಧ್ಯಯನ ಮಾಡಿದ ಸೋನಾಲಿ ನಾಗ್ 2007ರಲ್ಲೇ ತೋರಿಸಿಕೊಟ್ಟಿದ್ದಾರೆ: ಇಂಗ್ಲಿಷಿನ 26 ಅಕ್ಷರ ಬೇಗ ಮುಗಿಯುತ್ತವೆ, ಕಾಗುಣಿತ ಒತ್ತಕ್ಷರಗಳ ನಮ್ಮ ದೊಡ್ಡ ಸಂಸಾರವನ್ನು ಪೂರ್ತಿ ಹಿಡಿಯಲು ಸಾಮಾನ್ಯ ಮಗುವಿಗೇ ಹಲವು ವರ್ಷ ಬೇಕು. ಹೀಗಾಗಿ ತಡವರಿಸುವ ಮಗು ಎಲ್ಲರ ಜೊತೆ ತಡವರಿಸುತ್ತಿದೆ ಎಂದೇ ತೋರುತ್ತದೆ. ಆರಕ್ಕೆ ಬಂದಾಗ ಉಳಿದವರು ಮುಂದೆ ಹೋಗಿರುತ್ತಾರೆ, ವಿಷಯಕ್ಕೊಬ್ಬರು ಟೀಚರ್ ಆಗಿರುತ್ತಾರೆ, ಎಲ್ಲ ವಿಷಯದಲ್ಲೂ ನೋಟ್ಸ್. ಮಗು ದಿನವಿಡೀ ಎಡವುತ್ತಿದ್ದರೂ ಒಬ್ಬೊಬ್ಬ ಟೀಚರಿಗೂ ಕಾಣುವುದು ತಮ್ಮ ಪೀರಿಯಡ್ಡಿನಷ್ಟೇ.

ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಇಲಾಖೆಯಲ್ಲಿ ಏನೂ ಇಲ್ಲವೆಂದಲ್ಲ. ಸಮಗ್ರ ಶಿಕ್ಷಣದಡಿ ತಾಲ್ಲೂಕು ತಪಾಸಣಾ ಶಿಬಿರ ನಡೆಯುತ್ತದೆ. ವ್ಹೀಲ್‌ಚೇರ್, ಕಿವಿಯ ಯಂತ್ರ, ಕ್ಯಾಲಿಪರ್ ಸಿಗುತ್ತವೆ. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳ ಪ್ರೋತ್ಸಾಹಧನವಿದೆ. ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣವಿದೆ. ಇದನ್ನೆಲ್ಲ ನೋಡಿಕೊಳ್ಳಬೇಕಾದವರು ತಾಲ್ಲೂಕಿನ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿರುವ ಬಿಐಇಆರ್‌ಟಿಗಳು, ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು. ನಮ್ಮ ಕಡೆ ಬರುವ ಮೇಷ್ಟ್ರು ಒಳ್ಳೆಯವರು, ಕೆಲಸ ಬಲ್ಲವರು. ಆದರೆ ಅವರ ಬೈಕಿನ ಎದುರಿಗೆ ಇಡೀ ತಾಲ್ಲೂಕಿದೆ. ಹಾಸಿಗೆ ಬಿಟ್ಟೇಳದ ಮಗುವಿನ ಮನೆಗೆ ಹೋಗುವುದೋ, ಓದಲಾಗದಿದ್ದರೂ ನಗುನಗುತ್ತಾ ಓಡಾಡುವ ನನ್ನ ಹುಡುಗನ ಬಳಿ ಬರುವುದೋ? ಆ ಜಾಗದಲ್ಲಿ ನಾನಿದ್ದರೂ ಮೊದಲನೆಯದನ್ನೇ ಆರಿಸಿಕೊಳ್ಳುತ್ತಿದ್ದೆ.

ನನ್ನ ತಕರಾರು ಬೇರೆಯದು. ಏನೇ ಕೇಳಿದರೂ ‘ಸರ್ಟಿಫಿಕೇಟ್ ಇದೆಯಾ?’ ಎನ್ನುತ್ತಾರಲ್ಲ, ಅದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ, ನಿರ್ದಿಷ್ಟ ಕಲಿಕಾ ನ್ಯೂನತೆಯೂ ಅದರಲ್ಲಿ ಸೇರಿದೆ. ಕೆಲವು ಸೌಲಭ್ಯಗಳಿಗೆ ಶೇ 40ರ ಮಿತಿ ಇರುವುದು ನಿಜ. ಆದರೆ ಅದೇ ಕಾಯ್ದೆಯ 16ನೇ ಸೆಕ್ಷನ್, ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ಬೋಧನೆಯಲ್ಲಿ ತಕ್ಕ ಕ್ರಮ ಕೈಗೊಳ್ಳುವ ಹೊಣೆಯನ್ನು ಶಾಲೆಗಳ ಮೇಲೆ ಹೊರಿಸುತ್ತದೆ. ಅಲ್ಲಿ ಶೇಕಡಾವಾರಿನ ಮಾತಿಲ್ಲ. ಸರ್ಟಿಫಿಕೇಟ್ ಬೇಕಾಗುವುದು ಹತ್ತನೇ ತರಗತಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯಕ್ಕೆ, ಉತ್ತರ ಬರೆದುಕೊಡುವವರನ್ನು ಪಡೆಯುವುದಕ್ಕೆ, ಮುಂದೆ ಮೀಸಲಾತಿಗೆ. ಆರನೇ ತರಗತಿಯ ಪಾಠ ಬದಲಾಯಿಸುವುದಕ್ಕಲ್ಲ.

ಆ ಸರ್ಟಿಫಿಕೇಟಾದರೂ ಸುಲಭವೇ? ಜಿಲ್ಲಾ ಆಸ್ಪತ್ರೆಗೆ ಹೋದವರನ್ನು ಬೆಂಗಳೂರಿಗೆ ಬರೆದುಕೊಡುತ್ತಾರೆ. ಅಪ್ಪನ ದುಡಿಮೆ ತಪ್ಪುತ್ತದೆ, ಬಸ್ ಚಾರ್ಜು ತಗಲುತ್ತದೆ, ಅಲ್ಲಿ ಮತ್ತೊಂದು ತಾರೀಖು. ಇನ್ನು ಮನಸ್ಸು ಒಪ್ಪಬೇಕಲ್ಲ. ಹುಡುಗನ ಅಪ್ಪನನ್ನು ಕರೆಸಿ ವಿವರಿಸಿದಾಗ ಆತ ಹೇಳಿದ್ದು: “ದಡ್ಡ ಅಂತ ನಾವೇ ಅಂತಿದ್ದೀವಲ್ಲ ಮೇಡಂ, ಅದನ್ನ ಡಾಕ್ಟ್ರ ಕೈಲೂ ಬರೆಸ್ಬೇಕಾ? ನಾಳೆ ಹೆಣ್ಣು ಕೊಡೋರು ಕೇಳಿದ್ರೆ?” ದಡ್ಡನಲ್ಲ ಎಂದು ತೋರಿಸುವುದಕ್ಕೇ ಆ ಕಾಗದ ಎಂದೆ. ನಂಬಿಕೆ ಬರಲಿಲ್ಲ. ಬರುವುದಾದರೂ ಹೇಗೆ? ಕಾಗದ ಬಂದ ಮೇಲೆ ಶಾಲೆಯಲ್ಲಿ ಏನು ಬದಲಾಗುತ್ತದೆ ಎಂದರೆ ತೋರಿಸಲು ನನ್ನ ಬಳಿ ಏನೂ ಇರಲಿಲ್ಲ.

ಒಂದು ಪ್ರಶ್ನೆ ನನ್ನ ಸಹೋದ್ಯೋಗಿಗಳೇ ಎತ್ತುತ್ತಾರೆ, ಅದು ತಳ್ಳಿಹಾಕುವಂಥದ್ದಲ್ಲ. ಕಾಫಿ ಸೀಮೆಗೆ ಗುಳೆ ಹೋಗಿ ಅರ್ಧ ವರ್ಷ ಶಾಲೆ ತಪ್ಪಿಸಿಕೊಂಡ ಮಗುವೂ ಹೀಗೆಯೇ ಓದುತ್ತದೆ. ಯಾರದು ನ್ಯೂನತೆ, ಯಾರದು ಬಡತನ ಎಂದು ಹಿಂದಿ ಟೀಚರ್ ಹೇಗೆ ಹೇಳುವುದು? ಹೇಳಬೇಕಾಗಿಯೇ ಇಲ್ಲ ಎಂಬುದು ನನ್ನ ಉತ್ತರ. ಇಬ್ಬರಿಗೂ ದಿನಾ ಅರ್ಧ ಗಂಟೆ, ಸಣ್ಣ ಗುಂಪಿನಲ್ಲಿ, ಕಾಗುಣಿತದಿಂದ ಒತ್ತಿಗೆ ಹಂತ ಹಂತವಾಗಿ ಓದಿಸಿ. ಶಾಲೆ ತಪ್ಪಿಸಿಕೊಂಡಿದ್ದ ಮಗು ಕೆಲವು ತಿಂಗಳಲ್ಲಿ ಹಿಡಿದುಕೊಳ್ಳುತ್ತದೆ. ಅಷ್ಟಾದರೂ ಹಿಡಿಯಲಾಗದ ಮಗುವಿಗೆ ತಜ್ಞರು ಬೇಕು. ಆಗ ಆಸ್ಪತ್ರೆಗೆ ಕಳಿಸಿದರೆ ಅಪ್ಪನ ಕೈಯಲ್ಲಿ ನಮ್ಮ ದಾಖಲೆಯೂ ಇರುತ್ತದೆ.

ಈ ಕೆಲಸಕ್ಕೆ ಜನ ಬೇಕು. 2021ರಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಾಮಾನ್ಯ ಶಾಲೆಗಳಲ್ಲೂ ವಿಶೇಷ ಶಿಕ್ಷಕರು ಕಾಯಂ ಆಗಿ ಇರಬೇಕೆಂದಿತು. ಆಮೇಲೆ ಗೊತ್ತಾದ ಪ್ರಮಾಣ ಹೀಗಿದೆ: ವಿಶೇಷ ಅಗತ್ಯವುಳ್ಳ ಮಕ್ಕಳು ಪ್ರಾಥಮಿಕದಲ್ಲಿ ಹತ್ತು ಜನರಿದ್ದರೆ ಒಬ್ಬ ವಿಶೇಷ ಶಿಕ್ಷಕ, ಹಿರಿಯ ಪ್ರಾಥಮಿಕದಲ್ಲಿ ಹದಿನೈದು ಜನರಿಗೆ ಒಬ್ಬ. 2025ರ ಮಾರ್ಚ್‌ನಲ್ಲಿ ಅದೇ ಕೋರ್ಟು ಹುದ್ದೆಗಳನ್ನು ಪ್ರಕಟಿಸಿ ಎಂದು ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. ಪ್ರತಿ ಶಾಲೆಗೆ ಒಬ್ಬರನ್ನು ಕೊಡಿ ಎಂದು ನಾನು ಕೇಳುತ್ತಿಲ್ಲ. ಹುದ್ದೆಯನ್ನು ತಾಲ್ಲೂಕಿನಿಂದ ಕ್ಲಸ್ಟರಿಗೆ ಇಳಿಸಿ, ಅವರ ಕುರ್ಚಿ ಬಿಆರ್‌ಸಿ ಬದಲು ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿರಲಿ. ಸುತ್ತಲಿನ ಶಾಲೆಗಳಿಗೆ ವಾರದಲ್ಲಿ ಗೊತ್ತಾದ ದಿನ ಬರಲಿ. ಮತ್ತು ದಯವಿಟ್ಟು ಅವರನ್ನು ಸಮೀಕ್ಷೆಗೆ ಎಳೆಯಬೇಡಿ.

ಅಲ್ಲಿಯವರೆಗೆ ಆದೇಶಕ್ಕೆ ಕಾಯದೆ ಮಾಡಬಹುದಾದದ್ದೂ ಇದೆ. ರೂಪಣಾತ್ಮಕ ಮೌಲ್ಯಮಾಪನಕ್ಕೆ ಬರವಣಿಗೆಯೇ ಬೇಕೆಂದು ಯಾರೂ ಹೇಳಿಲ್ಲ, ಬಾಯುತ್ತರಕ್ಕೂ ಅಂಕ ಕೊಡಬಹುದು. ಬೋರ್ಡಿನಿಂದ ಇಳಿಸಿಕೊಳ್ಳುವ ಬದಲು ಪಕ್ಕದವಳ ನೋಟ್ಸಿನ ಜೆರಾಕ್ಸ್ ಕೊಟ್ಟರೆ ಆಗುತ್ತದೆ. ಪಠ್ಯಪುಸ್ತಕದ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದರೆ ದೀಕ್ಷಾದಲ್ಲಿ ನೋಡಲು, ಕೇಳಲು ಏನಾದರೂ ಸಿಗುತ್ತದೆ. ನನ್ನ ಹುಡುಗನಿಗೆ ಈ ವರ್ಷ ಹಿಂದಿಯನ್ನು ಕಿವಿಯಿಂದಲೇ ಕಲಿಸುತ್ತಿದ್ದೇನೆ, ಕನ್ನಡ ಗಟ್ಟಿಯಾಗುವವರೆಗೆ ಲಿಪಿಗೆ ಕೈಹಾಕುವುದಿಲ್ಲ. ಹಿಂದಿ ಟೀಚರೇ ಹೀಗಂದರೆ ಹೇಗೆ ಎಂದು ಸ್ಟಾಫ್ ರೂಮಿನಲ್ಲಿ ನಕ್ಕರು. ನಗಲಿ. ಸಂತೆಯಲ್ಲಿ ಹೈದರಾಬಾದಿನ ವ್ಯಾಪಾರಿಗಳ ಜೊತೆ ಚೌಕಾಸಿ ಮಾಡುವಷ್ಟು ಹಿಂದಿ ಅವನಿಗೆ ಈಗಲೇ ಬರುತ್ತದೆ.

ಏಳು ಮುಗಿಸಿ ಅವನು ಪಕ್ಕದೂರಿನ ಹೈಸ್ಕೂಲಿಗೆ ಹೋಗುತ್ತಾನೆ. ಟಿಸಿಯಲ್ಲಿ ಜಾತಿ ಇರುತ್ತದೆ, ಹುಟ್ಟಿದ ತಾರೀಖು ಇರುತ್ತದೆ. ಹೇಗೆ ಓದಿಸಿದರೆ ಇವನಿಗೆ ಹತ್ತುತ್ತದೆ ಎಂಬುದಕ್ಕೆ ಕಾಲಂ ಇಲ್ಲ. ಎಂಟನೇ ತರಗತಿಯವರು ಎಲ್ಲವನ್ನೂ ಮೊದಲಿನಿಂದ ಕಂಡುಹಿಡಿಯಬೇಕು. ಒಂದು ಹಾಳೆ ಬರೆದು ಪಿನ್ ಹಾಕಿ ಕಳಿಸುವುದೆಂದು ನಾನು ಮತ್ತು ವಿಜ್ಞಾನದ ಮೇಷ್ಟ್ರು ಮಾತಾಡಿಕೊಂಡಿದ್ದೇವೆ. ಇಲಾಖೆಯೇ ಅದಕ್ಕೊಂದು ನಮೂನೆ ಮಾಡಿಕೊಟ್ಟರೆ ಖರ್ಚು ಬರುವುದು ಕಾಗದದ್ದು ಮಾತ್ರ.